ಮುಂದೆ ಬಂದ ಹಲ್ಲು, ಹಿಂದುಳಿದ ದವಡೆ

ಮೈಸೂರಿನ ಉದಯಗಿರಿಯಲ್ಲಿ ಸಂಜೆ ಶಾಲೆ ಬಿಡುವ ಹೊತ್ತಿಗೆ ಬೀದಿಗಳ ತುಂಬ ಮಕ್ಕಳ ಹಿಂಡು. ಆ ಹಿಂಡಿನಲ್ಲಿ, ನಗು ಬಂದಾಗಲೆಲ್ಲ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯುವ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಹನ್ನೊಂದರ ವಯಸ್ಸು, ಚುರುಕು ಕಣ್ಣು, ಪಾಠದಲ್ಲಿ ಮುಂದು. ಆದರೆ ಮೇಲಿನ ಬಾಚಿಹಲ್ಲುಗಳು ತುಟಿಯನ್ನು ತಳ್ಳಿಕೊಂಡು ಹೊರಕ್ಕೆ ಬಂದಿವೆ. ತರಗತಿಯಲ್ಲಿ ಅವಳಿಗೊಂದು ಅಡ್ಡಹೆಸರು ಬಿದ್ದು ಎರಡು ವರ್ಷವಾಯಿತು. ಮನೆಯಲ್ಲಿ ಅವಳು ಅದನ್ನು ಹೇಳಿಲ್ಲ. ಶಾಲೆಯವರು ತೆಗೆಸಿದ ಸಾಮೂಹಿಕ ಭಾವಚಿತ್ರದಲ್ಲಿ ಮಗಳು ತುಟಿಗಳನ್ನು ಬಿಗಿದು, ಗದ್ದದ ಮೇಲೆ ಸಣ್ಣ ಸಣ್ಣ ಕುಳಿಗಳು ಏಳುವಂತೆ ಬಾಯಿ ಮುಚ್ಚಿ ನಿಂತಿರುವುದನ್ನು ಕಂಡಾಗ ತಾಯಿಗೆ ಏನೋ ಹೊಳೆಯುತ್ತದೆ.

ಅಂದು ರಾತ್ರಿ ಮನೆಯಲ್ಲಿ ಸಮಾಲೋಚನೆ. ಬೆಳೆಯುವ ಮಕ್ಕಳ ಮುಖ ಎಷ್ಟು ಬಾರಿ ಬದಲಾಗುವುದೋ, ತಾನಾಗಿ ಸರಿಹೋದೀತು ಎಂದು ಅಜ್ಜಿಯ ಅಭಿಪ್ರಾಯ. ಹತ್ತನೆಯ ತರಗತಿಯ ಪರೀಕ್ಷೆ ಮುಗಿಯಲಿ, ಆಮೇಲೆ ಕ್ಲಿಪ್ಪು ಹಾಕಿಸಿದರಾಯಿತು ಎಂದು ತಂದೆಯ ನಿರ್ಣಯ. ಮದುವೆಗೆ ಎರಡು ವರ್ಷ ಮುಂಚೆ ಹಾಕಿಸಿದರೆ ಸಾಕು, ನಮ್ಮ ನಾದಿನಿಗೆ ಹಾಗೆಯೇ ಮಾಡಿಸಿದೆವು ಎಂದು ಪಕ್ಕದ ಮನೆಯಾಕೆಯ ಬುದ್ಧಿವಾದ. ಮೂವರೂ ಹಿತೈಷಿಗಳೇ ಸರಿ. ಆದರೆ ಮೂವರೂ ಮಾತನಾಡುತ್ತಿರುವುದು ಹಲ್ಲಿನ ವಿಷಯ. ಅದರ ಹಿಂದೆ ದವಡೆಯೆಂಬುದೊಂದಿದೆಯೆಂಬುದನ್ನು, ಆ ದವಡೆಗೆ ಬೆಳೆಯುವ ಕಾಲವೊಂದು ಗೊತ್ತಾಗಿದೆಯೆಂಬುದನ್ನು ಮೂವರೂ ಮರೆತಿದ್ದಾರೆ.

ಹಲ್ಲು ಮುಂದೆ ಬಂದಂತೆ ಕಾಣುವುದಕ್ಕೆ ಎರಡು ಬೇರೆ ಬೇರೆ ಕಾರಣಗಳುಂಟು. ಮೇಲಿನ ಹಲ್ಲುಗಳೇ ನಿಜವಾಗಿ ಮುಂದಕ್ಕೆ ವಾಲಿರಬಹುದು. ಇಲ್ಲವೆ, ಮೇಲಿನ ಹಲ್ಲುಗಳು ತಮ್ಮ ಜಾಗದಲ್ಲಿಯೇ ಇದ್ದು, ಕೆಳದವಡೆ ತಕ್ಕಷ್ಟು ಬೆಳೆಯದೆ ಹಿಂದೆ ಉಳಿದಿರಬಹುದು. ಬಹುಪಾಲು ಮಕ್ಕಳಲ್ಲಿ ಎರಡೂ ಬೆರೆತಿರುತ್ತವೆ. ಆದರೂ ಹೆಚ್ಚಿನ ಹೊಣೆ ಯಾವುದರದೆಂದು ಮನೆಯಲ್ಲಿಯೇ ಸ್ಥೂಲವಾಗಿ ತಿಳಿಯಲು ಒಂದು ಸುಲಭ ಉಪಾಯವಿದೆ. ಮಗುವನ್ನು ಪಕ್ಕದಿಂದ ಕಾಣುವಂತೆ ನಿಲ್ಲಿಸಿ, ಮೇಲಿನ ಮತ್ತು ಕೆಳಗಿನ ಮುಂಭಾಗದ ಹಲ್ಲುಗಳು ಒಂದಕ್ಕೊಂದು ಸಮೀಪಿಸುವವರೆಗೆ ಕೆಳದವಡೆಯನ್ನು ಮೆಲ್ಲಗೆ ಮುಂದಕ್ಕೆ ಸರಿಸಿ ಹಿಡಿಯುವಂತೆ ಹೇಳಬೇಕು. ಹಾಗೆ ಮಾಡಿದೊಡನೆ ಮುಖಕ್ಕೆ ಒಂದು ಒಪ್ಪ ಬಂದರೆ ಕೊರತೆ ಕೆಳದವಡೆಯದು. ಮುಖ ಇನ್ನಷ್ಟು ಉಬ್ಬಿದಂತೆ ಕಂಡರೆ ದೋಷ ಮೇಲಿನದು. ದಂತವೈದ್ಯರೂ ಕ್ಷಕಿರಣಚಿತ್ರಕ್ಕೆ ಮುಂಚೆ ಮಾಡುವ ಪರೀಕ್ಷೆ ಇದೇ.

ಆರೋಗ್ಯಕರವಾದ ಬಾಯಿಯಲ್ಲಿ ಮೇಲಿನ ಬಾಚಿಹಲ್ಲು ಕೆಳಗಿನದಕ್ಕಿಂತ ಎರಡು ಮೂರು ಮಿಲಿಮೀಟರಿನಷ್ಟು ಮುಂದಿರುವುದು ಸಹಜ. ಅಂತರ ಆರು, ಏಳು, ಒಂಬತ್ತು ಮಿಲಿಮೀಟರಿಗೆ ಏರಿದಾಗ ತೊಂದರೆ. ಇದರ ಜೊತೆಗೆ ಮತ್ತೊಂದು ಅಳತೆಯೂ ಉಂಟು: ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಎಷ್ಟು ಮುಚ್ಚುತ್ತದೆ ಎಂಬುದು. ಕೆಲವು ಮಕ್ಕಳು ಹಲ್ಲು ಕಚ್ಚಿದಾಗ ಕೆಳಗಿನ ಬಾಚಿಹಲ್ಲು ಒಂದೂ ಕಾಣಿಸದು. ಅವು ಮೇಲೆ ಹೋಗಿ ಅಂಗುಳನ್ನೇ ಕುಟ್ಟುತ್ತಿರುತ್ತವೆ. ಮುಂದೆ ಚಾಚುವುದು, ಆಳವಾಗಿ ಮುಚ್ಚುವುದು, ಈ ಎರಡೂ ಕೂಡಿ ಬರುವುದೇ ಹೆಚ್ಚು. ಅಮೆರಿಕದ ಎಡ್ವರ್ಡ್ ಆಂಗಲ್ ಎಂಬವರು 1899ರಲ್ಲಿ ಹಲ್ಲುಗಳ ಜೋಡಣೆಯನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ಕೆಳಸಾಲು ಹಿಂದೆ ಬಿದ್ದಿರುವ ಇಂಥವು ಅದರಲ್ಲಿ ಎರಡನೆಯ ವರ್ಗ. ಒಂದು ಶತಮಾನಕ್ಕೂ ಮೀರಿ ಸಂದರೂ ದಂತವೈದ್ಯರ ಚೀಟಿಗಳಲ್ಲಿ ಆ ವಿಂಗಡಣೆಯೇ ನಡೆದುಬಂದಿದೆ.

ಕಾರಣಗಳನ್ನು ಹುಡುಕಹೋದರೆ ಮೊದಲನೆಯದು ವಂಶ. ತಂದೆಯ ಗದ್ದವೋ ಸೋದರಮಾವನ ಗದ್ದವೋ ಮಗುವಿಗೆ ಬಂದಿರುತ್ತದೆ. ಶಾಲೆಗೆ ಸೇರಿದ ಮೇಲೂ ಬಿಡದ ಹೆಬ್ಬೆರಳು ಚೀಪುವ ಚಟ ಎರಡನೆಯದು. ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವ ಅಭ್ಯಾಸವೂ ಕಾರಣಗಳ ಸಾಲಿನಲ್ಲಿ ಸೇರುತ್ತದೆ. ಅಂಥ ಮಗುವನ್ನು ದಂತವೈದ್ಯರಿಗಿಂತ ಮೊದಲು ಕಿವಿ, ಮೂಗು, ಗಂಟಲಿನ ವೈದ್ಯರಲ್ಲಿಗೆ ಕರೆದೊಯ್ಯುವುದು ಲೇಸು. ಇನ್ನೊಂದು ಸಂಗತಿಯನ್ನು ತಾಯಂದಿರು ಗಮನಿಸುವುದು ಕಡಮೆ. ಹಲ್ಲಿನ ಅಂತರ ಹೆಚ್ಚಾದಂತೆ ಕೆಳತುಟಿಯು ಮೇಲಿನ ಹಲ್ಲುಗಳ ಹಿಂದಕ್ಕೆ ಜಾರಿ ಅಲ್ಲಿಯೇ ನೆಲಸುತ್ತದೆ. ಒಮ್ಮೆ ಅಲ್ಲಿ ಸೇರಿದ ತುಟಿ ಹಗಲಿರುಳೂ ಹಲ್ಲುಗಳನ್ನು ಹೊರಕ್ಕೆ ನೂಕುತ್ತದೆ. ಅಜ್ಜಿ ಹೇಳುವಂತೆ ತಾನಾಗಿ ಸರಿಹೋಗುವ ಬದಲು ತಾನಾಗಿ ಬಲಿಯುವುದು ಹೀಗೆ.

ಇದೆಲ್ಲ ಬರಿಯ ಅಂದಚಂದದ ಮಾತಲ್ಲವೇ ಎಂದು ಕೇಳುವವರಿದ್ದಾರೆ. ಅಂದವೂ ಸಣ್ಣ ಮಾತಲ್ಲ. ಹನ್ನೊಂದರ ಮಗು ನಗುವುದಕ್ಕೆ ಅಂಜುವುದು ಯಾವ ಲೆಕ್ಕದಲ್ಲಿ ಸಣ್ಣದು? ಆದರೆ ಅದನ್ನು ಬಿಟ್ಟರೂ ಅಪಾಯವಿದ್ದೇ ಇದೆ. ಮುಂದಕ್ಕೆ ಚಾಚಿದ ಹಲ್ಲು ಬಿದ್ದಾಗ ಮೊದಲು ನೆಲ ಮುಟ್ಟುವ ಹಲ್ಲು. ಅಂತರ ಮೂರು ಮಿಲಿಮೀಟರನ್ನು ಮೀರಿದ ಮಕ್ಕಳಿಗೆ ಮುಂಭಾಗದ ಹಲ್ಲು ಪೆಟ್ಟುಗೊಳ್ಳುವ ಸಂಭವ ಉಳಿದವರಿಗಿಂತ ಸುಮಾರು ಎರಡರಷ್ಟು ಎಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದವರು ಕಂಡುಕೊಂಡಿದ್ದಾರೆ. ಸೈಕಲ್ಲು, ಮಹಡಿಯ ಮೆಟ್ಟಿಲು, ಶಾಲೆಯ ನಲ್ಲಿಯ ಬಳಿ ಹಿಂದಿನಿಂದ ಬಂದ ಒಂದು ತಳ್ಳು, ಇಷ್ಟು ಸಾಕು. ಹಾಲುಹಲ್ಲು ಮುರಿದರೆ ಮತ್ತೊಂದು ಬಂದೀತು. ಎಂಟರ ಮೇಲೆ ಮುರಿದ ಬಾಚಿಹಲ್ಲಿಗೆ ಜೀವಮಾನವಿಡೀ ಚಿಕಿತ್ಸೆ.

ಬೆಳೆಯುವ ದವಡೆಯನ್ನು ಮುಂದಕ್ಕೆ ಕರೆತರುವ ಸಾಧನಗಳ ಕಥೆ ಸ್ವಾರಸ್ಯವಾದದ್ದು. ನ್ಯೂಯಾರ್ಕಿನ ನಾರ್ಮನ್ ಕಿಂಗ್ಸ್ಲಿ ಎಂಬವರು ದಂತವೈದ್ಯರು ಮಾತ್ರವಲ್ಲ, ಶಿಲ್ಪಿಯೂ ಆಗಿದ್ದರು. 1880ರಲ್ಲಿ ಪ್ರಕಟವಾದ ತಮ್ಮ ದೊಡ್ಡ ಗ್ರಂಥದಲ್ಲಿ ಅವರು ಗಟ್ಟಿ ರಬ್ಬರಿನ ತಟ್ಟೆಯೊಂದನ್ನು ವಿವರಿಸಿದರು. ಮೇಲಿನ ಹಲ್ಲುಗಳ ಹಿಂದೆ ಕೂರುವ ಆ ತಟ್ಟೆಗೆ ಒಂದು ಇಳಿಜಾರು. ಬಾಯಿ ಮುಚ್ಚಿದಾಗಲೆಲ್ಲ ಕೆಳಹಲ್ಲುಗಳು ಆ ಇಳಿಜಾರಿನ ಮೇಲೆ ಜಾರಿ ಮುಂದೆ ಬಂದು ನಿಲ್ಲುತ್ತಿದ್ದವು. ಹಲ್ಲನ್ನು ತಂತಿಯಿಂದ ಎಳೆಯುವುದಕ್ಕಿಂತ ದವಡೆಯನ್ನೇ ಹೊಸ ಜಾಗಕ್ಕೆ ಒಗ್ಗಿಸುವ ಆಲೋಚನೆ ಅಲ್ಲಿ ಮೊಳೆಯಿತು.

ಅದು ಬೇರೂರಿದ್ದು ಒಬ್ಬ ತಂದೆಯ ಮನೆಯಲ್ಲಿ. ಡೆನ್ಮಾರ್ಕಿನ ವಿಗ್ಗೋ ಆಂಡ್ರೆಸೆನ್ 1908ರ ಸುಮಾರಿಗೆ ತಮ್ಮ ಮಗಳಿಗೇ ಹಲ್ಲಿನ ಚಿಕಿತ್ಸೆ ನಡೆಸಿದ್ದರು. ಬೇಸಗೆಯ ರಜೆ ಬಂತು, ಹುಡುಗಿ ಊರಿಗೆ ಹೊರಟಳು. ತಂತಿಗಳನ್ನು ನೋಡಿಕೊಳ್ಳುವವರು ಅಲ್ಲಿ ಇಲ್ಲವೆಂದು ತಂದೆ ಅವನ್ನು ಬಿಚ್ಚಿ, ಬದಲಾಗಿ ರಾತ್ರಿ ಹಾಕಿಕೊಳ್ಳಲು ಸಡಿಲವಾದ ತಟ್ಟೆಯೊಂದನ್ನು ಮಾಡಿಕೊಟ್ಟರು. ಬಾಯಿ ಮುಚ್ಚಿದಾಗ ಕೆಳದವಡೆಯನ್ನು ಕೆಲವು ಮಿಲಿಮೀಟರು ಮುಂದೆ ನಿಲ್ಲಿಸುವಂತೆ ಅದಕ್ಕೊಂದು ಅಂಚನ್ನೂ ಕೂಡಿಸಿದರು. ಗಳಿಸಿದ್ದು ಕಳೆದುಹೋಗದಿದ್ದರೆ ಸಾಕೆಂಬುದಷ್ಟೇ ಅವರ ಆಸೆ. ರಜೆ ಮುಗಿಸಿ ಮಗಳು ಹಿಂದಿರುಗಿದಾಗ ನೋಡಿದರೆ ಮೇಲು ಕೆಳಗಿನ ಸಾಲುಗಳು ತಮ್ಮತಮ್ಮ ಜಾಗದಲ್ಲಿ ಕೂಡಿಬಿಟ್ಟಿದ್ದವು! ತಂತಿಯಿಲ್ಲ, ತಿರುಪಿಲ್ಲ, ರಬ್ಬರಿಲ್ಲ. ಕೆಲಸ ಮಾಡಿದ್ದು ಹುಡುಗಿಯ ಸ್ವಂತ ಮಾಂಸಖಂಡಗಳು, ಮತ್ತು ಅವಳ ವಯಸ್ಸು. ಮುಂದೆ ನಾರ್ವೆಯ ಆಸ್ಲೋಗೆ ತೆರಳಿದ ಆಂಡ್ರೆಸೆನ್, ಕಾರ್ಲ್ ಹಾಯ್ಪ್ಲ್ ಎಂಬವರ ಜೊತೆಗೂಡಿ 1936ರಲ್ಲಿ ಈ ಪದ್ಧತಿಗೆ ಶಾಸ್ತ್ರರೂಪ ಕೊಟ್ಟರು. ಸಾಧನಕ್ಕೆ ಆಕ್ಟಿವೇಟರ್ ಎಂದು ಹೆಸರಾಯಿತು. ಬಳಿಕ ಜರ್ಮನಿಯಲ್ಲಿ ಬಾಲ್ಟರ್ಸ್, ಫ್ರೆಂಕಲ್ ಮೊದಲಾದವರು ಅದನ್ನು ತಿದ್ದಿ ತೀಡಿ ತಮ್ಮತಮ್ಮ ರೂಪಗಳನ್ನು ಹೊರತಂದರು. ಅದೇ ದೇಶದ ಎಮಿಲ್ ಹೆರ್ಬ್‌ಸ್ಟ್ ಎಂಬವರು 1905ರಲ್ಲಿಯೇ ಬೇರೊಂದು ದಾರಿ ಹಿಡಿದಿದ್ದರು: ಮಗು ತೆಗೆಯಲಾಗದಂತೆ ಹಲ್ಲಿಗೇ ಕೂಡಿಸಿದ ಕೊಳವೆ ಮತ್ತು ಸಲಾಕೆ. ದಶಕಗಳ ಕಾಲ ಮರೆಯಾಗಿದ್ದ ಅದನ್ನು 1979ರಲ್ಲಿ ಹಾನ್ಸ್ ಪಾಂಚೆರ್ಜ್ ಮತ್ತೆ ಬೆಳಕಿಗೆ ತಂದರು.

ಈ ಬಗೆಯ ತೆಗೆದು ಹಾಕುವ ಸಾಧನಗಳಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವ ಟ್ವಿನ್ ಬ್ಲಾಕ್ ಹುಟ್ಟಿದ್ದೂ ಒಂದು ಮಗುವಿನ ಆಕಸ್ಮಿಕದಿಂದಲೇ. ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ ಅವರ ಸಹೋದ್ಯೋಗಿಯೊಬ್ಬರ ಎಂಟು ವರ್ಷದ ಮಗ ಬಿದ್ದು ಮೇಲಿನ ಬಾಚಿಹಲ್ಲನ್ನು ಕಳಚಿಕೊಂಡ. ಹಲ್ಲನ್ನು ಮತ್ತೆ ಅದರ ಕುಳಿಯಲ್ಲಿ ನೆಟ್ಟದ್ದಾಯಿತು. ಆದರೆ ಅವನ ಕೆಳತುಟಿ ಆ ಹಲ್ಲಿನ ಹಿಂದೆ ಸೇರಿಕೊಂಡು ಅದನ್ನು ಮತ್ತೆ ಹೊರದೂಡುತ್ತಿತ್ತು. ತುಟಿಯನ್ನು ಅಲ್ಲಿಂದ ಬಿಡಿಸಬೇಕು. ಬಿಡಿಸಬೇಕಾದರೆ ದವಡೆ ಮುಂದೆ ಬರಬೇಕು. ಹಗಲೂ ರಾತ್ರಿಯೂ, ಊಟ ಮಾಡುವಾಗಲೂ ಮುಂದೆಯೇ ಇರಬೇಕು. ಆಂಡ್ರೆಸೆನ್ನರ ದಪ್ಪ ತಟ್ಟೆ ಬಾಯಲ್ಲಿದ್ದರೆ ಮಾತೂ ಇಲ್ಲ, ಊಟವೂ ಇಲ್ಲ. ಆಗ ಕ್ಲಾರ್ಕ್ ಅದನ್ನು ಎರಡಾಗಿ ಸೀಳಿದಂತೆ, ಮೇಲ್ದವಡೆಗೊಂದು, ಕೆಳದವಡೆಗೊಂದು ಬೇರೆ ಬೇರೆ ತುಂಡುಗಳನ್ನು ರಚಿಸಿದರು. ಅದು 1977ರ ಸೆಪ್ಟೆಂಬರು.

ಮೈಸೂರಿನ ದಂತಾಸ್ಪತ್ರೆಯಲ್ಲಿ ಇದನ್ನು ತಯಾರಿಸುವ ಬಗೆಯನ್ನು ತಿಳಿದರೆ ಇದು ಎಷ್ಟು ಸರಳ ವಸ್ತುವೆಂಬುದು ಮನದಟ್ಟಾಗುತ್ತದೆ. ಕಡಲ ಪಾಚಿಯಿಂದ ತೆಗೆದ ಆಲ್ಜಿನೇಟ್ ಪುಡಿಯನ್ನು ನೀರಿನಲ್ಲಿ ಕಲಸಿ, ತಟ್ಟೆಯಲ್ಲಿ ತುಂಬಿ, ಮಗುವಿನ ಹಲ್ಲುಗಳ ಅಚ್ಚು ತೆಗೆಯುತ್ತಾರೆ. ಅಚ್ಚಿಗೆ ಜಿಪ್ಸಮ್ ಗಾರೆ ಹೊಯ್ದರೆ ಹಲ್ಲುಸಾಲಿನ ಪ್ರತಿರೂಪ ಸಿದ್ಧ. ಮಗು ದವಡೆಯನ್ನು ಮುಂದೆ ಸರಿಸಿ ಮೆತ್ತಗಿನ ಮೇಣವನ್ನು ಕಚ್ಚುತ್ತದೆ. ದವಡೆ ಎಷ್ಟು ಮುಂದೆ ನಿಲ್ಲಬೇಕೆಂಬುದನ್ನು ಆ ಮೇಣವೇ ನಿಶ್ಚಯಿಸುತ್ತದೆ. ಉಕ್ಕಿನ ತಂತಿಯ ಕೊಂಡಿಗಳು, ಅಕ್ರಿಲಿಕ್ಕಿನ ತಟ್ಟೆ, ತಟ್ಟೆಯ ಮೇಲೆ ಎರಡೂ ಬದಿಯಲ್ಲಿ ದಿಮ್ಮಿಗಳು. ಮೇಲಿನ ದಿಮ್ಮಿ ಹಿಂಬದಿಯ ದವಡೆಹಲ್ಲುಗಳ ಮೇಲೆ, ಕೆಳಗಿನದು ಅದಕ್ಕಿಂತ ಮುಂದೆ. ಇವೆರಡು ಸಂಧಿಸುವ ಮುಖಗಳನ್ನು ಸುಮಾರು 70 ಡಿಗ್ರಿಯ ಓರೆಯಲ್ಲಿ ಕೊಯ್ದಿರುತ್ತದೆ. ಮಗು ಹಿಂದಿನಂತೆ ಬಾಯಿ ಮುಚ್ಚಹೋದರೆ ದಿಮ್ಮಿಗೆ ದಿಮ್ಮಿ ತಾಗುತ್ತದೆ, ಹಲ್ಲು ಕೂಡುವುದಿಲ್ಲ. ದವಡೆಯನ್ನು ಮುಂದೆ ತಂದರೆ ಮಾತ್ರ ಓರೆಗೆ ಓರೆ ಹೊಂದಿ ಬಾಯಿ ಹಿತವಾಗಿ ಮುಚ್ಚುತ್ತದೆ. ಯಾರೂ ನೂಕುವುದಿಲ್ಲ, ಯಾರೂ ಎಳೆಯುವುದಿಲ್ಲ. ದಿನಕ್ಕೆ ಸಾವಿರ ಬಾರಿ ನುಂಗುವಾಗ, ಅಗಿಯುವಾಗ, ಮಾತನಾಡುವಾಗ ಮಗುವೇ ತನ್ನ ದವಡೆಯನ್ನು ಮುಂದಿಡುತ್ತದೆ.

ಮೇಲಿನ ತಟ್ಟೆಯ ನಡುವೆ ಸಣ್ಣದೊಂದು ತಿರುಪು ಇರುವುದುಂಟು. ಕಾಲು ಮುಂದಕ್ಕೆ ಹೋಗಬೇಕಾದರೆ ಚಪ್ಪಲಿ ಅಗಲವಾಗಿರಬೇಕಲ್ಲವೇ. ಹಾಗೆಯೇ ಕೆಳದವಡೆ ಮುಂದೆ ಬರಬೇಕಾದರೆ ಮೇಲಿನ ಸಾಲು ತುಸು ಅಗಲವಾಗಬೇಕು. ಆ ತಿರುಪನ್ನು ಸಣ್ಣ ಕೀಲಿಯಿಂದ ವೈದ್ಯರು ಹೇಳಿದ ದಿನ ಕಾಲು ಸುತ್ತು ತಿರುಗಿಸುವ ಕೆಲಸ ಸಾಮಾನ್ಯವಾಗಿ ತಾಯಿಯ ಪಾಲಿಗೆ ಬರುತ್ತದೆ. ಹಲ್ಲು ಆಳವಾಗಿ ಮುಚ್ಚುವ ಮಕ್ಕಳಲ್ಲಿ ವೈದ್ಯರು ಪ್ರತಿ ಭೇಟಿಯಲ್ಲಿಯೂ ಮೇಲಿನ ದಿಮ್ಮಿಯನ್ನು ಕೊಂಚ ಕೊಂಚ ಅರೆದು ಇಳಿಸುತ್ತಾರೆ. ಸಿಕ್ಕಿದ ಆ ಅವಕಾಶದೊಳಗೆ ಕೆಳಗಿನ ದವಡೆಹಲ್ಲುಗಳು ಮೇಲೇಳುತ್ತವೆ, ಕಚ್ಚಿನ ಆಳ ಕಡಮೆಯಾಗುತ್ತದೆ.

ಮೊದಲ ವಾರ ಮನೆಯವರಿಗೆಲ್ಲ ಪರೀಕ್ಷೆಯ ವಾರ. ಬಾಯಲ್ಲಿ ಎರಡು ತುಂಡು ಅಕ್ರಿಲಿಕ್ಕು ಕುಳಿತ ಮಗುವಿಗೆ ಜೊಲ್ಲು ಸುರಿಯುತ್ತದೆ, ಕೆನ್ನೆಯ ಮಾಂಸಖಂಡ ನೋಯುತ್ತದೆ, ‘ಸ’ಕಾರ ‘ಶ’ಕಾರ ‘ಚ’ಕಾರಗಳು ಒಂದರೊಳಗೊಂದು ಕಲೆಸಿಹೋಗುತ್ತವೆ. ತಮ್ಮನೋ ಅಣ್ಣನೋ ಅಣಕಿಸದೆ ಬಿಡನು. ದಿನಕ್ಕೆ ಹತ್ತು ಹದಿನೈದು ನಿಮಿಷ ಪಾಠವನ್ನು ಗಟ್ಟಿಯಾಗಿ ಓದಿಸುವುದು ಇದಕ್ಕೆ ಒಳ್ಳೆಯ ಮದ್ದು. ಕೆಲವೇ ದಿನಗಳಲ್ಲಿ ನಾಲಗೆ ತನ್ನ ದಾರಿಯನ್ನು ಕಂಡುಕೊಳ್ಳುತ್ತದೆ. ಮೊದಲೆರಡು ದಿನ ಗಂಜಿ, ಮೊಸರನ್ನ, ಇಡ್ಲಿ. ಆಮೇಲೆ ಮನೆಯವರು ಉಣ್ಣುವುದನ್ನೇ. ಚಕ್ಕುಲಿ, ಕೋಡುಬಳೆ, ಹಲ್ಲಿಗೆ ಅಂಟುವ ಮಿಠಾಯಿ ಬೇಡ. ತೊಳೆಯುವುದು ಸೋಪಿನ ನೀರು ಮತ್ತು ಬ್ರಷ್ಷಿನಿಂದ. ಬಿಸಿನೀರು ತಗಲಿದರೆ ಅಕ್ರಿಲಿಕ್ಕು ಸೊಟ್ಟಗಾಗುತ್ತದೆ. ಎಲ್ಲಕ್ಕಿಂತ ದೊಡ್ಡ ಶತ್ರು ಮದುವೆಯ ಮನೆ. ಊಟಕ್ಕೆ ಕುಳಿತಾಗ ನಾಚಿಕೆಗೆ ಬಾಯಿಂದ ತೆಗೆದು ಕಾಗದದಲ್ಲಿ ಸುತ್ತಿ ಎಲೆಯ ಮಗ್ಗುಲಲ್ಲೋ ಬಿರಿಯಾನಿಯ ತಟ್ಟೆಯ ಪಕ್ಕದಲ್ಲೋ ಇಟ್ಟದ್ದು ಎಂಜಲಿನ ಜೊತೆಗೆ ಹೋಗಿಬಿಡುತ್ತದೆ. ಹೋದರೆ ಮತ್ತೆ ಅಚ್ಚು, ಮತ್ತೆ ಮೇಣ, ಮತ್ತೆ ಖರ್ಚು.

ಇನ್ನು ವಯಸ್ಸಿನ ಮಾತು. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದರೆ ಕದಲುವ ಗುಂಡು ತುದಿಯೊಂದು ಬೆರಳಿಗೆ ಸಿಗುತ್ತದೆ. ಕೆಳದವಡೆ ಉದ್ದವಾಗುವುದು ಮುಖ್ಯವಾಗಿ ಅಲ್ಲಿ. ಆ ಬೆಳವಣಿಗೆ ವರ್ಷವರ್ಷಕ್ಕೂ ಒಂದೇ ಸಮನಾಗಿರದೆ, ಮಗು ಎತ್ತರಕ್ಕೆ ಚಿಮ್ಮುವ ಕಾಲದಲ್ಲಿ ತಾನೂ ಚಿಮ್ಮುತ್ತದೆ. ಹೆಣ್ಣುಮಕ್ಕಳಲ್ಲಿ ಅದು ಸಾಮಾನ್ಯವಾಗಿ ಹನ್ನೊಂದು ಹನ್ನೆರಡರ ಸುಮಾರಿಗೆ, ಗಂಡುಮಕ್ಕಳಲ್ಲಿ ಹದಿಮೂರು ಹದಿನಾಲ್ಕರ ಸುಮಾರಿಗೆ. ಮಗುವಿನಿಂದ ಮಗುವಿಗೆ ಹಿಂದು ಮುಂದು ಬಹಳ. ಆದುದರಿಂದ ವೈದ್ಯರು ಹುಟ್ಟಿದ ದಿನಾಂಕವನ್ನು ನಂಬದೆ, ಪಕ್ಕದಿಂದ ತೆಗೆದ ಕ್ಷಕಿರಣಚಿತ್ರದಲ್ಲಿ ಕತ್ತಿನ ಮೂಳೆಗಳ ಆಕಾರವನ್ನೋ ಮುಂಗೈಯ ಮೂಳೆಗಳನ್ನೋ ನೋಡಿ ಬೆಳವಣಿಗೆ ಎಲ್ಲಿಗೆ ಬಂದಿದೆಯೆಂದು ಅಳೆಯುತ್ತಾರೆ. ಮನೆಯಲ್ಲಿ ಗೊತ್ತಾಗುವ ಗುರುತೂ ಒಂದಿದೆ. ಕಳೆದ ವರ್ಷ ಹೊಲಿಸಿದ ಸಮವಸ್ತ್ರ ಈ ವರ್ಷ ಒಮ್ಮೆಲೇ ಗಿಡ್ಡವಾಯಿತೆಂದರೆ ಅದೇ ಕಾಲ. ಹುಡುಗಿ ಋತುಮತಿಯಾದಳೆಂದರೆ ಬೆಳವಣಿಗೆಯ ತುತ್ತತುದಿ ಆಗಲೇ ಹಿಂದೆ ಸಂದುಹೋಗಿದೆಯೆಂದು ತಿಳಿಯಬೇಕು, ಮಿಕ್ಕಿರುವುದು ಇಳಿಮುಖ. ತಾಯಂದಿರು ಆ ದಿನವನ್ನು ಗುರುತಿಟ್ಟುಕೊಳ್ಳುವುದು ಬೇರೆ ಕಾರಣಗಳಿಗೆ. ಹಲ್ಲಿನ ವೈದ್ಯರಿಗೂ ಅದು ಬೇಕಾದ ಸಂಗತಿಯೆಂದು ಬಹಳ ಮಂದಿಗೆ ತಿಳಿಯದು, ತಿಳಿದರೂ ಹೇಳಲು ಸಂಕೋಚ. ಸಂಕೋಚಕ್ಕೆ ಕಾರಣವೇನೂ ಇಲ್ಲ.

ಈ ಲೆಕ್ಕದಲ್ಲಿ ನೋಡಿದರೆ ತಂದೆಯ ನಿರ್ಣಯದ ದೋಷ ಹೊಳೆಯುತ್ತದೆ. ಚಿಮ್ಮುವ ಕಾಲ ಬೀಳುವುದು ಹುಡುಗಿಯರಿಗೆ ಆರು ಏಳನೆಯ ತರಗತಿಯಲ್ಲಿ, ಹುಡುಗರಿಗೆ ಎಂಟು ಒಂಬತ್ತರಲ್ಲಿ. ಹತ್ತನೆಯ ತರಗತಿಯ ಪರೀಕ್ಷೆ ಮುಗಿಯುವ ಹೊತ್ತಿಗೆ ಮಗನಿಗೆ ಒಂದಿಷ್ಟು ಅವಕಾಶ ಉಳಿದಿದ್ದೀತು, ಮಗಳಿಗೆ ಬಹುತೇಕ ಬಾಗಿಲು ಮುಚ್ಚಿರುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಇಲ್ಲಿ ಅರ್ಧ ಸತ್ಯ. ಹಲ್ಲು ಮರವಾದ ಮೇಲೂ ಬಗ್ಗುತ್ತದೆ. ನಲವತ್ತರಲ್ಲಿಯೂ ತಂತಿ ಹಾಕಿಸಿ ಹಲ್ಲು ಸರಿಮಾಡಿಸಿಕೊಂಡವರಿದ್ದಾರೆ. ಪಕ್ಕದ ಮನೆಯಾಕೆಯ ನಾದಿನಿಗೆ ಆದದ್ದು ಅದೇ ಇರಬೇಕು. ಬಗ್ಗದಿರುವುದು ದವಡೆ.

ಹಾಗೆಂದು ಎಂಟು ವರ್ಷದ ಮಗುವನ್ನು ಎಳೆದುಕೊಂಡು ಓಡಬೇಕಾದುದೂ ಇಲ್ಲ. ಇಂಗ್ಲೆಂಡಿನಲ್ಲಿ ಎಂಟರಿಂದ ಹತ್ತು ವರ್ಷದ 174 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆಗಲೇ ಟ್ವಿನ್ ಬ್ಲಾಕ್ ಹಾಕಿ, ಮತ್ತೊಂದು ಗುಂಪನ್ನು ದೊಡ್ಡವರಾಗುವವರೆಗೆ ಕಾಯಿಸಿ, ಕೆವಿನ್ ಓಬ್ರಿಯೆನ್ ಮತ್ತು ಸಂಗಡಿಗರು ಪರೀಕ್ಷಿಸಿದರು. 2003ರಲ್ಲಿ ಹೊರಬಂದ ಮೊದಲ ಫಲಿತಾಂಶದಲ್ಲಿ ಬೇಗ ಹಾಕಿದ ಗುಂಪಿನ ಹಲ್ಲಿನ ಅಂತರ ಚೆನ್ನಾಗಿ ಇಳಿದಿತ್ತು. ಮಕ್ಕಳ ಆತ್ಮವಿಶ್ವಾಸ ಏರಿತ್ತು, ಗೆಳೆಯರ ಕುಚೋದ್ಯದ ನೋವು ತಗ್ಗಿತ್ತು. ಆದರೆ ಹತ್ತು ವರ್ಷಗಳ ತರುವಾಯದ ಲೆಕ್ಕವನ್ನು 2009ರಲ್ಲಿ ಪ್ರಕಟಿಸಿದಾಗ ಎರಡು ಗುಂಪುಗಳ ದವಡೆಗಳಲ್ಲಿ ಗಣನೀಯವಾದ ಭೇದವೇ ಉಳಿದಿರಲಿಲ್ಲ. ಬೇಗ ಹಾಕಿಸಿದವರು ಆಸ್ಪತ್ರೆಗೆ ಅಲೆದದ್ದು ಮಾತ್ರ ಹೆಚ್ಚು. ಇಂಥ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ಮೇಲೆ ಬೇಗ ಆರಂಭಿಸುವುದರಿಂದ ನಿಶ್ಚಿತವಾಗಿ ಆಗುವ ಲಾಭವೆಂದು ನಿಂತದ್ದು ಒಂದೇ: ಹಲ್ಲು ಮುರಿಯುವುದು ಕಡಮೆ. ತೀರ ಚಾಚಿದ ಹಲ್ಲಿನ ತುಂಟ ಮಗುವಿಗೆ, ಅಥವಾ ಅಪಹಾಸ್ಯದಿಂದ ಶಾಲೆಗೇ ಹೋಗಲೊಲ್ಲದ ಮಗುವಿಗೆ, ಆ ಲಾಭ ಸಾಕು. ಉಳಿದವರು ಹನ್ನೊಂದು ಹನ್ನೆರಡರವರೆಗೆ ನಿಶ್ಚಿಂತೆಯಿಂದ ಕಾಯಬಹುದು.

ಇನ್ನೊಂದು ನಿಜವನ್ನೂ ಮುಚ್ಚಿಡಬಾರದು. ಸಾಧನ ದವಡೆಯನ್ನು ಬೆಳೆಸುತ್ತದೆಯೆಂದು ಹೇಳುವುದು ಕೇಳಲು ಇಂಪು. ಅಳೆದು ನೋಡಿದಾಗ, ತಗ್ಗಿದ ಅಂತರದಲ್ಲಿ ಹೆಚ್ಚಿನ ಪಾಲು ಹಲ್ಲುಗಳು ಓರೆಯಾದದ್ದರಿಂದ ಬಂದದ್ದು, ದವಡೆಯ ಪಾಲು ಅದಕ್ಕಿಂತ ಸಣ್ಣದು ಎಂದು ಅದೇ ಇಂಗ್ಲೆಂಡಿನ ಪರೀಕ್ಷೆಯಲ್ಲಿ ಕಂಡುಬಂತು. ಬೆಳೆಯುತ್ತಿರುವ ಮಗುವಿನಲ್ಲಿ ಈ ಎರಡೂ ಒಟ್ಟಿಗೆ, ಹಲ್ಲು ಕೀಳದೆ, ಆರರಿಂದ ಒಂಬತ್ತು ತಿಂಗಳಲ್ಲಿ ನಡೆದುಹೋಗುವುದೇ ಇದರ ಬೆಲೆ. ಮುಖವೇ ಬದಲಾಗುವುದೆಂದು ಆಸೆ ತೋರಿಸುವವರನ್ನೂ, ಅಂತರ್ಜಾಲದ ಅಂಗಡಿಯಿಂದ ಎಲ್ಲರ ಬಾಯಿಗೂ ಒಂದೇ ಅಳತೆಯ ಮೆತ್ತನೆಯ ತಟ್ಟೆಯನ್ನು ಅಂಚೆಯಲ್ಲಿ ತರಿಸಿಕೊಳ್ಳಿರೆನ್ನುವವರನ್ನೂ ದೂರವಿಡುವುದು ಕ್ಷೇಮ.

ಬೆಲೆ ತೆರಬೇಕಾದವಳು ಮಗಳು. ಟ್ವಿನ್ ಬ್ಲಾಕನ್ನು ಹಲ್ಲುಜ್ಜುವಾಗ, ಈಜುವಾಗ, ಪೆಟ್ಟಿನ ಆಟಗಳಲ್ಲಿ ಬಿಟ್ಟು ಉಳಿದ ಹೊತ್ತೆಲ್ಲ ಹಾಕಿರಬೇಕು. ಪೆಟ್ಟಿಗೆಯಲ್ಲಿ ಕುಳಿತ ಸಾಧನ ಯಾರ ದವಡೆಯನ್ನೂ ಮುಂದೆ ತರದು. ಹದಿವಯಸ್ಸಿನ ಮಕ್ಕಳ ಮೇಲೆ ನಡೆಸಿದ ಇನ್ನೊಂದು ಇಂಗ್ಲಿಷ್ ಪರೀಕ್ಷೆಯಲ್ಲಿ ಟ್ವಿನ್ ಬ್ಲಾಕ್ ಹಾಕಿಸಿಕೊಂಡವರ ಪೈಕಿ ಸುಮಾರು ಮೂರರಲ್ಲೊಂದು ಪಾಲು ನಡುವೆಯೇ ಕೈಬಿಟ್ಟರು. ತೆಗೆಯಲಾಗದ ಹೆರ್ಬ್‌ಸ್ಟ್ ಸಾಧನದಲ್ಲಿ ಹಾಗೆ ಬಿಟ್ಟವರು ಅದರ ಅರ್ಧಕ್ಕಿಂತ ಕಡಮೆ. ಆದರೆ ಅದು ಮುರಿಯುವುದು ಹೆಚ್ಚು, ಖರ್ಚೂ ಹೆಚ್ಚು. ಆದ್ದರಿಂದ ನಿರ್ಣಯ ಮಾಡುವ ರಾತ್ರಿಯ ಸಭೆಯಲ್ಲಿ ಅಜ್ಜಿ, ತಂದೆ, ಪಕ್ಕದ ಮನೆಯಾಕೆ ಇವರೆಲ್ಲರಿಗಿಂತ ಮುಖ್ಯ ಸದಸ್ಯೆ ಆ ಹುಡುಗಿ. ಅವಳನ್ನು ಕೇಳದೆ ಹಾಕಿಸಿದ ಸಾಧನ ಶಾಲೆಯ ಚೀಲದ ತಳದಲ್ಲಿ ಸೇರುವುದು ಬಹುಮಟ್ಟಿಗೆ ಖಂಡಿತ. ಅವಳ ಮೌನವನ್ನು ಒಪ್ಪಿಗೆಯೆಂದು ಎಣಿಸಬಾರದು. ಅಡ್ಡಹೆಸರಿನ ಸಂಗತಿ ಆಗ ಹೊರಬಿದ್ದರೂ ಬೀಳಬಹುದು.

ಉದಯಗಿರಿಯವರಿಗೆ ಇದಕ್ಕಾಗಿ ಬೆಂಗಳೂರಿನ ದಾರಿ ಹಿಡಿಯಬೇಕಾದ ಕಾಲ ಹೋಯಿತು. 1958ರಲ್ಲಿ ಬೆಂಗಳೂರಿನಲ್ಲಿ ಸರಕಾರಿ ದಂತ ಕಾಲೇಜು ಆರಂಭವಾದಾಗ ಇಡೀ ಮೈಸೂರು ರಾಜ್ಯಕ್ಕೆ ಅದೊಂದೇ. ಇಂದು ಮೈಸೂರಿನಲ್ಲಿಯೇ ಬನ್ನಿಮಂಟಪದ ಜೆ.ಎಸ್.ಎಸ್. ದಂತ ಕಾಲೇಜು, ತಿಲಕನಗರದ ಫಾರೂಕಿಯಾ ದಂತ ಕಾಲೇಜು ಇವೆ. ಎರಡೂ ಉದಯಗಿರಿಯಿಂದ ಬಹಳ ದೂರವಲ್ಲ. ಕಾಲೇಜಿನ ಆಸ್ಪತ್ರೆಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣೆದುರಿನಲ್ಲಿ ಚಿಕಿತ್ಸೆ ಮಾಡುವುದರಿಂದ ಖಾಸಗಿ ಚಿಕಿತ್ಸಾಲಯಗಳಿಗಿಂತ ವೆಚ್ಚ ಸಾಮಾನ್ಯವಾಗಿ ಕಡಮೆ, ಕಾಯುವುದು ಹೆಚ್ಚು. ಆ ವಿದ್ಯಾರ್ಥಿಗಳ ವ್ಯಾಸಂಗ ಮೂರು ವರ್ಷ; ಚಿಕಿತ್ಸೆಯ ನಡುವೆ ವೈದ್ಯರು ಬದಲಾದರೆ ಗಾಬರಿಪಡುವುದು ಬೇಡ, ಆದರೆ ಚೀಟಿ ಮತ್ತು ಕ್ಷಕಿರಣಚಿತ್ರಗಳನ್ನು ಮನೆಯಲ್ಲಿ ಜೋಪಾನವಾಗಿಡಬೇಕು. ತಿಂಗಳಿಗೋ ಆರು ವಾರಕ್ಕೋ ಒಂದು ಭೇಟಿ. ಅಷ್ಟು ದಿನ ಶಾಲೆಗೆ ಅರ್ಧ ರಜೆ ತಪ್ಪದು.

ಟ್ವಿನ್ ಬ್ಲಾಕಿನ ಕಾಲ ಮುಗಿದೊಡನೆ ಎಲ್ಲ ಮುಗಿಯಿತೆಂದು ತಿಳಿಯಬಾರದು. ಕೂಡಿದ ಸಾಲುಗಳು ನೆಲೆಗೊಳ್ಳುವವರೆಗೆ ಮತ್ತೊಂದು ತಟ್ಟೆ, ಆಮೇಲೆ ಅನೇಕರಿಗೆ ಒಂದೆರಡು ವರ್ಷ ಹಲ್ಲಿಗೆ ಅಂಟಿಸುವ ತಂತಿ, ಅದರ ಬಳಿಕ ರಾತ್ರಿ ಹಾಕಿಕೊಳ್ಳುವ ತಟ್ಟೆ. ಕಾಲ ಮೀರಿದವರಿಗೂ ದಾರಿಗಳಿಲ್ಲದಿಲ್ಲ. ಅಂತರ ಸಾಧಾರಣವಾಗಿದ್ದರೆ ಮೇಲಿನ ಎರಡು ಹಲ್ಲುಗಳನ್ನು ಕಿತ್ತು, ಆ ಜಾಗಕ್ಕೆ ಮುಂದಿನ ಹಲ್ಲುಗಳನ್ನು ಎಳೆದು ದವಡೆಯ ಕೊರತೆಯನ್ನು ಮರೆಮಾಡುತ್ತಾರೆ. ಕೊರತೆ ದೊಡ್ಡದಾಗಿದ್ದರೆ ಬೆಳವಣಿಗೆ ಪೂರ್ತಿ ನಿಂತ ಮೇಲೆ, ಹದಿನೆಂಟರ ಆಚೆಗೆ, ಅರಿವಳಿಕೆ ಕೊಟ್ಟು ಕೆಳದವಡೆಯ ಮೂಳೆಯನ್ನೇ ಸೀಳಿ ಮುಂದಕ್ಕೆ ಸರಿಸಿ ತಿರುಪು ಬಿಗಿಯುವ ಶಸ್ತ್ರಚಿಕಿತ್ಸೆ. ಅದರ ತರುವಾಯ ಕೆಲವರಿಗೆ ಕೆಳತುಟಿಯಲ್ಲಿ ತಿಂಗಳುಗಟ್ಟಲೆ ಜೋಮು ಉಳಿಯುವುದುಂಟು. ಅಜ್ಜಿಗೆ ಇದನ್ನು ವಿವರಿಸಿ ಹೇಳುವುದು ಕಷ್ಟ. ಮೊಮ್ಮಗಳ ಕಳೆದ ವರ್ಷದ ಲಂಗದ ಅಂಚು ಈಗ ಎಲ್ಲಿಗೆ ಬಂದಿದೆಯೆಂದು ತೋರಿಸುವುದು ಸುಲಭ.